“ಟಿ.ಸಿ. ತೆಗೆಸಿಬಿಡಲೇ, ಮೇಡಂ?”

ಶಾಲೆಗಳಲ್ಲಿ ಆಪ್ತಸಮಾಲೋಚಕಿಯಾಗಿ ಕೆಲಸ ಮಾಡುವವಳ ಹತ್ತಿರ ಪೋಷಕರು ಬಗೆಬಗೆಯ ಪ್ರಶ್ನೆಗಳನ್ನು ತರುತ್ತಾರೆ ಎಂದುಕೊಳ್ಳಬೇಡಿ. ಸುತ್ತಿ ಬಳಸಿ ಮಾತು ಬಂದು ನಿಲ್ಲುವುದು ಹೆಚ್ಚಾಗಿ ಒಂದೇ ಕಡೆ. ತರಗತಿಯಲ್ಲಿ ಮಗುವನ್ನು ಗೋಳು ಹೊಯ್ದುಕೊಳ್ಳುತ್ತಿದ್ದಾರೆ, ಅಡ್ಡಹೆಸರು ಕಟ್ಟಿದ್ದಾರೆ, ಬಸ್ಸಿನಲ್ಲಿ ಪಕ್ಕದಲ್ಲಿ ಕೂರಲು ಬಿಡುವುದಿಲ್ಲ, ಊಟದ ಡಬ್ಬಿ ಕಿತ್ತುಕೊಳ್ಳುತ್ತಾರೆ. ಟೀಚರಿಗೆ ಹೇಳಿದರೆ “ಮಕ್ಕಳಲ್ಲವೇ, ಇದೆಲ್ಲ ಇದ್ದದ್ದೇ” ಎಂಬ ಉತ್ತರ. ಕೊನೆಗೆ ತಾಯಿ ಸೆರಗಿನ ತುದಿ ಸುತ್ತುತ್ತಾ ಕೇಳುತ್ತಾರೆ: “ಟಿ.ಸಿ. ತೆಗೆಸಿ ಬೇರೆ ಶಾಲೆಗೆ ಹಾಕಿಬಿಡಲೇ, ಮೇಡಂ?”

ಚಿಕ್ಕ ಉತ್ತರ ಬೇಕಿದ್ದರೆ: ತಕ್ಷಣಕ್ಕೆ ಬೇಡ. ಆದರೆ ಇದನ್ನು ಕೇಳಿ ಕೆಲವು ಅಪ್ಪಂದಿರಿಗೆ ಬಲು ಸಮಾಧಾನವಾಗಿಬಿಡುತ್ತದೆ. “ನೋಡು, ಮೇಡಂ ಕೂಡ ಸಹಿಸಿಕೊಂಡು ಹೋಗು ಎಂದರು” ಎಂದು ಅಲ್ಲೇ ಮಗನಿಗೆ ಹೇಳುತ್ತಾರೆ. ನಾನು ಹಾಗೆ ಹೇಳುವುದೇ ಇಲ್ಲ. ಮಗು ಸಹಿಸಿಕೊಳ್ಳಬೇಕಾದದ್ದು ಇದರಲ್ಲಿ ಏನೂ ಇಲ್ಲ. ಆ ತರಗತಿಯ ನಡವಳಿಕೆ ಬದಲಾಗಬೇಕು, ಅದನ್ನು ಬದಲಿಸುವುದು ದೊಡ್ಡವರ ಕೈಯಲ್ಲಿದೆ, ಹಲವು ಕಡೆ ಬದಲಿಸಿಯೂ ಇದ್ದಾರೆ.

ನಾರ್ವೆಯ ಉತ್ತರ ಭಾಗದಲ್ಲಿ 1982ರ ಕೊನೆಯಲ್ಲಿ ಮೂವರು ಹುಡುಗರು ಆತ್ಮಹತ್ಯೆ ಮಾಡಿಕೊಂಡರು. ಸಹಪಾಠಿಗಳ ಕಾಟವೇ ಕಾರಣವಿರಬೇಕು ಎಂಬ ಸುದ್ದಿ ದೇಶವನ್ನೇ ಕಲಕಿತು. ಮರುವರ್ಷವೇ ಸರ್ಕಾರ ಎಲ್ಲ ಶಾಲೆಗಳಲ್ಲೂ ಅಭಿಯಾನ ಶುರು ಮಾಡಿತು. ಬರ್ಗೆನ್ ನಗರದ ಮನಶ್ಶಾಸ್ತ್ರಜ್ಞ ಡಾನ್ ಓಲ್ವೇಯಸ್ ಅಲ್ಲಿನ ಸುಮಾರು 2,500 ಮಕ್ಕಳನ್ನು ಎರಡು ವರ್ಷಗಳಿಗೂ ಹೆಚ್ಚು ಕಾಲ ಗಮನಿಸಿ, ಪೀಡನೆ ಅರ್ಧದಷ್ಟು ಇಳಿದಿದೆ ಎಂದು ವರದಿ ಮಾಡಿದರು. ಮುಂದೆ ಬೇರೆ ಕಡೆಗಳಲ್ಲಿ ಇಳಿಕೆ ಅಷ್ಟು ದೊಡ್ಡದಾಗಿ ಕಾಣಲಿಲ್ಲ, ಅದನ್ನೂ ಹೇಳಬೇಕು. ಆದರೂ ಅವರು ಮಾಡಿಸಿದ್ದು ಎಂಥ ಕೆಲಸ ನೋಡಿ: ವಿರಾಮದ ಹೊತ್ತಿನಲ್ಲಿ ಶಿಕ್ಷಕರು ಸ್ಟಾಫ್ ರೂಮಿನಿಂದ ಎದ್ದು ಅಂಗಳಕ್ಕೆ ಬರಬೇಕು. ತರಗತಿಯಲ್ಲಿ ಮಕ್ಕಳೊಂದಿಗೆ ಕೂತು ನಿಯಮ ಮಾಡಬೇಕು. ಕಾಟ ಕೊಡುವ ಹುಡುಗನೊಂದಿಗೂ ಅವನ ಮನೆಯವರೊಂದಿಗೂ ನೇರವಾಗಿ ಮಾತನಾಡಬೇಕು. ನಮ್ಮ ಯಾವ ಹೋಬಳಿಯ ಶಾಲೆಯಲ್ಲೂ ಮಾಡಬಹುದಾದ ಕೆಲಸವಿದು.

ಜಗಳಕ್ಕೂ ಪೀಡನೆಗೂ ಇರುವ ವ್ಯತ್ಯಾಸ ಗುರುತಿಸಲು ಓಲ್ವೇಯಸ್ ಹೇಳಿದ ಮೂರು ಗುರುತುಗಳನ್ನೇ ನಾನು ಇಂದಿಗೂ ಬಳಸುತ್ತೇನೆ. ನೋಯಿಸಬೇಕೆಂದೇ ಮಾಡುತ್ತಿದ್ದಾರೆಯೇ? ಮತ್ತೆ ಮತ್ತೆ ಆಗುತ್ತಿದೆಯೇ? ಇಬ್ಬರ ಬಲ ಸಮವಿಲ್ಲವೇ? ಬಲ ಎಂದರೆ ತೋಳಿನದೇ ಆಗಬೇಕಿಲ್ಲ. ಹತ್ತು ಜನರ ಗುಂಪು, ಕ್ಲಾಸ್ ಲೀಡರ್ ಪಟ್ಟ, ಇಂಗ್ಲಿಷ್ ಚೆನ್ನಾಗಿ ಬರುವುದು, ‘ಮೇಲಿನ’ ಜಾತಿ ಎಂಬ ಗತ್ತು, ವಾಟ್ಸ್ಆ್ಯಪ್ ಗುಂಪಿನ ಅಡ್ಮಿನ್ ಆಗಿರುವುದು, ಎಲ್ಲವೂ ಬಲವೇ. ಮೂರಕ್ಕೂ ಹೌದು ಎಂದಾದರೆ ಅದು ‘ಇದ್ದದ್ದೇ’ ಅಲ್ಲ. ಇಬ್ಬರನ್ನೂ ಕರೆದು ಕೈಕುಲುಕಿಸಿ “ಇನ್ನು ಮೇಲೆ ಸ್ನೇಹಿತರಾಗಿರಿ” ಎಂದು ಕಳಿಸುವ ರಾಜಿ ಇಲ್ಲಿ ನಡೆಯುವುದಿಲ್ಲ. ಸಮಬಲರ ಜಗಳಕ್ಕೆ ಒಪ್ಪುವ ಮದ್ದು ಅದು. ಪೀಡನೆಯಲ್ಲಿ ಹಾಗೆ ಕೈಕುಲುಕಿದ ಮಗು ಸಂಜೆ ಗೇಟಿನ ಹೊರಗೆ ‘ಚಾಡಿ ಹೇಳಿದ್ದಕ್ಕೆ’ ಇನ್ನೊಂದು ಪಾಲು ಪಡೆಯುತ್ತದೆ.

“ನೀನೂ ತಿರುಗಿಸಿ ಕೊಡು” ಎನ್ನುವ ಅಪ್ಪಂದಿರಿಗೂ ಒಂದು ಮಾತು. ತಿರುಗಿಸಿ ಕೊಡಲಾಗದ ಮಗುವನ್ನೇ ಆ ಗುಂಪು ಆರಿಸಿಕೊಂಡಿರುತ್ತದೆ. ಒಂದು ದಿನ ರೋಸಿಹೋಗಿ ಅದು ಕೈ ಎತ್ತಿದರೂ, ಟೀಚರ್ ತಿರುಗಿ ನೋಡುವುದು ಎರಡನೆಯ ಏಟಿನ ಸದ್ದಿಗೆ. ಡೈರಿಯಲ್ಲಿ ಕೆಂಪು ಶಾಯಿ ಬೀಳುವುದು ನಿಮ್ಮ ಮಗುವಿನ ಹೆಸರಿಗೇ.

ಹಾಗಾದರೆ ತರಗತಿ ಬದಲಾಗುವುದು ಎಲ್ಲಿಂದ? ನೋಡುತ್ತಾ ನಿಂತವರಿಂದ. ಕೆನಡಾದಲ್ಲಿ ಡೆಬ್ರಾ ಪೆಪ್ಲರ್ ಮತ್ತು ವೆಂಡಿ ಕ್ರೇಗ್ ಅವರ ತಂಡ ಟೊರಾಂಟೊದ ಶಾಲಾ ಅಂಗಳಗಳಲ್ಲಿ ದೂರದಿಂದ ಕ್ಯಾಮೆರಾ ಹಿಡಿದು, ಮಕ್ಕಳ ಉಡುಪಿಗೆ ಮೈಕ್ ಸಿಕ್ಕಿಸಿ ಆಟದ ಹೊತ್ತನ್ನು ಚಿತ್ರೀಕರಿಸಿತು. 2001ರಲ್ಲಿ ಪ್ರಕಟವಾದ ಅವರ ಲೆಕ್ಕದಂತೆ ಪೀಡನೆಯ ನೂರು ಪ್ರಸಂಗಗಳಲ್ಲಿ 88ರಲ್ಲಿ ಬೇರೆ ಮಕ್ಕಳು ಅಲ್ಲೇ ಇದ್ದರು. ಮಧ್ಯೆ ಬಂದದ್ದು 19ರಲ್ಲಿ ಮಾತ್ರ. ಆದರೆ ಹಾಗೆ ಯಾರೋ ಒಬ್ಬರು ಮಧ್ಯೆ ಬಂದಾಗ, ಅರ್ಧಕ್ಕೂ ಹೆಚ್ಚು ಸಲ ಹತ್ತು ಸೆಕೆಂಡಿನೊಳಗೆ ಕಾಟ ನಿಂತಿತು. ಫಿನ್ಲೆಂಡಿನ ಟುರ್ಕು ವಿಶ್ವವಿದ್ಯಾಲಯದ ಕ್ರಿಸ್ಟಿನಾ ಸಲ್ಮಿವಾಲ್ಲಿ ಇದೇ ಎಳೆ ಹಿಡಿದು ರೂಪಿಸಿದ ‘ಕಿವಾ’ ಕಾರ್ಯಕ್ರಮವನ್ನು 2009ರಿಂದ ಆ ದೇಶದ ಶಾಲೆಗಳಿಗೆ ಹಂಚಲಾಯಿತು. ಪೀಡಿಸುವವನಿಗೆ ಬೇಕಿರುವುದು ನಗುವ ಪ್ರೇಕ್ಷಕರು. ನಗು ನಿಂತರೆ ಅವನಿಗೂ ಹುರುಪು ಇಳಿಯುತ್ತದೆ.

ಇದು ನಮ್ಮಲ್ಲಿ ಹೇಗೆ ನಡೆಯುತ್ತದೆ ಎಂಬುದಕ್ಕೆ ಒಂದು ಉದಾಹರಣೆ. ಐದನೇ ತರಗತಿಯ ಒಬ್ಬ ಹುಡುಗನಿಗೆ ಮಾತು ತಡೆಯುತ್ತಿತ್ತು. ಅವನಿಗೆ ದಿನದ ಅತಿ ಕಷ್ಟದ ಗಳಿಗೆ ಎಂದರೆ ಹಾಜರಿ. ‘ಪ್ರೆಸೆಂಟ್ ಮಿಸ್’ ಎನ್ನುವಾಗ ‘ಪ್ರೆ’ ಎಂಬಲ್ಲೇ ನಾಲಗೆ ಸಿಕ್ಕಿಕೊಳ್ಳುತ್ತಿತ್ತು, ಹಿಂದಿನ ಬೆಂಚಿನಿಂದ ‘ಪ್ರೆ-ಪ್ರೆ-ಪ್ರೆ’ ಎಂಬ ಅನುಕರಣೆ, ಇಡೀ ಕೋಣೆಗೆ ನಗು, ಟೀಚರ ಮುಖದಲ್ಲೂ ತಡೆದುಕೊಂಡ ನಗು. ಆಮೇಲೆ ಅದೇ ಅವನ ಹೆಸರಾಯಿತು. ಕಬಡ್ಡಿ ಅಂಕಣದಲ್ಲೂ ನಲ್ಲಿಯ ಹತ್ತಿರವೂ ಅದೇ. ಟೀಚರಿಗೆ ಭಾಷಣ ಮಾಡಿ ಉಪಯೋಗವಿರಲಿಲ್ಲ. ಒಳ್ಳೆಯವರೇ, ಐವತ್ತು ಮಕ್ಕಳನ್ನು ಸುಧಾರಿಸಿ ದಣಿದವರು. ಹಾಜರಿಗೆ ಎಲ್ಲರೂ ಬಾಯಿಮಾತು ಬಿಟ್ಟು ಕೈ ಎತ್ತಲಿ ಎಂದು ಕೇಳಿಕೊಂಡೆ. ಎಲ್ಲರೂ, ಅವನೊಬ್ಬನೇ ಅಲ್ಲ. ಜೊತೆಗೆ, ತರಗತಿಯಲ್ಲಿ ಎಲ್ಲರಿಗೂ ಇಷ್ಟವಾದ ಇಬ್ಬರನ್ನು ಕರೆದು, ಆ ಹೆಸರು ಕೇಳಿದಾಗ ನಗಬೇಡಿ, ಅವನ ಪಕ್ಕ ಹೋಗಿ ನಿಂತುಕೊಳ್ಳಿ, ಅಷ್ಟು ಸಾಕು ಎಂದೆವು. ಪೀಡಿಸುವವರ ಎದುರು ನಿಲ್ಲಿ ಎಂದು ಹತ್ತು ವರ್ಷದ ಮಕ್ಕಳಿಗೆ ಹೇಳಬಾರದು, ಅದು ದೊಡ್ಡವರ ಕೆಲಸ. ಹುಡುಗನನ್ನು ವಾಕ್ ಚಿಕಿತ್ಸೆಗೂ ಕಳಿಸಿದೆವು. ತೊದಲು ಪೂರ್ತಿ ಹೋಗಲಿಲ್ಲ. ಅಡ್ಡಹೆಸರು ಮಾತ್ರ ಬೇಸಿಗೆ ರಜೆಯ ಹೊತ್ತಿಗೆ ಯಾರ ಬಾಯಲ್ಲೂ ಇರಲಿಲ್ಲ.

ಅವನನ್ನು ಬೇರೆ ಶಾಲೆಗೆ ಹಾಕಿದ್ದರೆ ತೊದಲೂ ಅವನ ಜೊತೆಗೇ ಹೋಗುತ್ತಿತ್ತು. ಇಲ್ಲಿಯ ಹಿಂದಿನ ಬೆಂಚು ಇನ್ನೊಬ್ಬನನ್ನು ಹುಡುಕಿಕೊಳ್ಳುತ್ತಿತ್ತು.

ಮಕ್ಕಳು ತಾವಾಗಿ ಬಂದು ಹೇಳುವುದು ಕಡಿಮೆ. ಭಾನುವಾರ ಸಂಜೆ ಶುರುವಾಗಿ ಶನಿವಾರ ಮಧ್ಯಾಹ್ನ ಮಾಯವಾಗುವ ಹೊಟ್ಟೆನೋವು, ಪದೇಪದೇ ಕಳೆದುಹೋಗುವ ಕಂಪಾಸ್ ಪೆಟ್ಟಿಗೆ, ಇದ್ದಕ್ಕಿದ್ದಂತೆ ಶುರುವಾದ ಹಾಸಿಗೆಯಲ್ಲಿ ಮೂತ್ರ, ಇವನ್ನು ಗಮನಿಸಿ. ನಾನು ಎಲ್ಲಕ್ಕಿಂತ ಮೊದಲು ಕೇಳುವ ಪ್ರಶ್ನೆ ಬೇರೆ: ಶಾಲೆಯಿಂದ ಬಂದೊಡನೆ ಚೀಲ ಎಸೆದು ಶೌಚಾಲಯಕ್ಕೆ ಓಡುತ್ತದೆಯೇ? ಶಾಲೆಯ ಶೌಚಾಲಯದ ಕಡೆ ದೊಡ್ಡವರು ಸುಳಿಯುವುದಿಲ್ಲ, ಕಾಟ ಹೆಚ್ಚಾಗಿ ಅಲ್ಲೇ ನಡೆಯುತ್ತದೆ. ಮಗು ಬೆಳಗಿನಿಂದ ಸಂಜೆಯವರೆಗೆ ತಡೆದುಕೊಂಡಿರುತ್ತದೆ, ನೀರನ್ನೂ ಕುಡಿದಿರುವುದಿಲ್ಲ. “ಯಾರಾದರೂ ನಿನಗೆ ತೊಂದರೆ ಕೊಡುತ್ತಾರಾ?” ಎಂದು ಕೇಳಿದರೆ ಇಲ್ಲ ಎನ್ನುತ್ತದೆ. “ಊಟದ ಹೊತ್ತಿನಲ್ಲಿ ಯಾರ ಜೊತೆ ಕೂರುತ್ತೀಯ?” ಎಂದು ಕೇಳಿ.

ಶಾಲೆಗೆ ಬಾಯಲ್ಲಿ ಹೇಳುವುದು ಸಾಲದು, ಬರೆದು ಕೊಡಿ. ಯಾವ ದಿನ, ಎಲ್ಲಿ, ಏನಾಯಿತು, ಯಾರು ನೋಡಿದರು. ಶಾಲೆ ಏನು ಮಾಡುತ್ತದೆ, ಯಾವಾಗ ಮತ್ತೆ ಭೇಟಿಯಾಗೋಣ. ಒಂದೇ ಪುಟ, ಬೈಗುಳವಿಲ್ಲದೆ. ಪ್ರತಿಗೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಮುದ್ರೆ ಬಿದ್ದ ಕಾಗದಕ್ಕೆ ನಮ್ಮ ನಾಡಿನಲ್ಲಿ ಇರುವ ಮರ್ಯಾದೆ ಕಣ್ಣೀರಿಗೆ ಇಲ್ಲ. ಸಿ.ಬಿ.ಎಸ್.ಇ. ಶಾಲೆಯಾದರೆ, ಪೀಡನೆ ತಡೆಗೆ ಸಮಿತಿ ಇರಬೇಕೆಂದು ಮಂಡಳಿ 2015ರಲ್ಲೇ ಸುತ್ತೋಲೆ ಹೊರಡಿಸಿದೆ. ಸಮಿತಿಯಲ್ಲಿ ಯಾರಿದ್ದಾರೆ ಎಂದು ಕೇಳಿ. ಸರ್ಕಾರಿ ಶಾಲೆಯಲ್ಲಿ ಎಸ್.ಡಿ.ಎಂ.ಸಿ. (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಇದೆ, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿ ಇದ್ದಾರೆ. ಶಿಕ್ಷಕರೇ ಹೀಯಾಳಿಸುತ್ತಿದ್ದರೆ ಅದು ಬೇರೆಯೇ ಪ್ರಕರಣ: ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲ, ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೂ ದೂರು ಕೊಡಬಹುದು. 1098 ಮಕ್ಕಳ ಸಹಾಯವಾಣಿಗೆ ಮಗುವೇ ಕರೆ ಮಾಡಬಹುದು.

ಇನ್ನು ವೈದ್ಯರ ಮಾತು. ‘ಮನೋವೈದ್ಯರು’ ಎಂದೊಡನೆ ಅಜ್ಜಿಯಂದಿರು “ನಮ್ಮ ಮಗುವಿಗೆ ಹುಚ್ಚೇ?” ಎಂದು ಎದ್ದು ನಿಲ್ಲುತ್ತಾರೆ. ಪೀಡನೆಗೆ ಒಳಗಾದ ಪ್ರತಿ ಮಗುವಿಗೂ ವೈದ್ಯರು ಬೇಕಿಲ್ಲ. ನಿದ್ದೆ, ಊಟ, ಓದು ವಾರಗಟ್ಟಲೆ ಹಳಿ ತಪ್ಪಿದ್ದರೆ, ಶಾಲೆಯ ಹೆಸರೆತ್ತಿದರೆ ವಾಂತಿಯಾಗುತ್ತಿದ್ದರೆ, ಮಗು ತನಗೆ ತಾನೇ ಗಾಯ ಮಾಡಿಕೊಳ್ಳುತ್ತಿದ್ದರೆ ಕರೆದುಕೊಂಡು ಹೋಗಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯ ವಿಭಾಗವೇ ಇದೆ. ಮಗುವನ್ನು ದಾಖಲಿಸಿಕೊಂಡರೆ ಮನೆಯವರೂ ಜೊತೆಗೇ ಇರುತ್ತಾರೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಇದೆ. ಅಷ್ಟು ದೂರ ಹೋಗುವ ಮೊದಲು ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಹೋಗಿ ಬನ್ನಿ. ಅಂದಹಾಗೆ, ಇಂದು ದೇಶದೆಲ್ಲೆಡೆ ಇರುವ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು 1980ರ ದಶಕದಲ್ಲಿ ನಮ್ಮ ಬಳ್ಳಾರಿಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗ. ಮನೋಚೈತನ್ಯ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡೂ ಇದೆ. ಯಾವ ಮಂಗಳವಾರ ಎಂದು ಮೊದಲೇ ವಿಚಾರಿಸಿಕೊಳ್ಳಿ.

ಮೊದಲ ಭೇಟಿಗೆ ಹೋಗುವಾಗ ಅಂಕಪಟ್ಟಿಯ ಜೊತೆಗೆ ಹಳೆಯ ನೋಟ್‌ಬುಕ್ಕುಗಳನ್ನೂ ಒಯ್ಯಿರಿ. ‘ದಡ್ಡ’ ಎಂದು ಹೆಸರು ಕಟ್ಟಿಸಿಕೊಂಡ ಮಗುವಿಗೆ ಕಲಿಕಾ ನ್ಯೂನತೆ ಇದೆಯೇ, ‘ಕಿಡಿಗೇಡಿ’ಗೆ ಎ.ಡಿ.ಎಚ್.ಡಿ. (ಗಮನ ನಿಲ್ಲದಿರುವ, ಅತಿ ಚಟುವಟಿಕೆಯ ತೊಂದರೆ) ಇದೆಯೇ ಎಂಬ ಸುಳಿವು ಅಲ್ಲಿ ಸಿಗುತ್ತದೆ. ಪುಸ್ತಕದ ನಡುವೆ ಅರ್ಧಕ್ಕೇ ನಿಂತ ಸಾಲುಗಳು, ತಿರುಗುಮುರುಗಾದ ಅಕ್ಷರಗಳು ವೈದ್ಯರಿಗೆ ತಂದೆ-ತಾಯಿಯ ವಿವರಣೆಗಿಂತ ಹೆಚ್ಚು ಹೇಳುತ್ತವೆ. ಮಗುವನ್ನು ನಿಮ್ಮಿಂದ ಬೇರೆಯಾಗಿ ಮಾತನಾಡಿಸುತ್ತಾರೆ. ಹೊರಗೆ ಬಂದ ಮೇಲೆ “ಏನು ಹೇಳಿದೆ?” ಎಂದು ಕೆದಕಬೇಡಿ. ಮಾತ್ರೆ ಬರೆಯಲೇಬೇಕೆಂದಿಲ್ಲ, ಬರೆದರೆ ಗಾಬರಿಪಡಬೇಕಾಗಿಯೂ ಇಲ್ಲ.

2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಇರುತ್ತದೆ, ಹಣ ಕೊಡಬೇಕಿಲ್ಲ, ಕನ್ನಡದಲ್ಲೇ ಮಾತನಾಡಬಹುದು. ಮಗು ಸಾವಿನ ಮಾತು ಎತ್ತಿದರೆ ಮಾತ್ರ ನಾಳೆಗೆ ಎಂದು ಮುಂದೂಡಬೇಡಿ. “ಸಾಯಬೇಕು ಎನಿಸುತ್ತಿದೆಯೇ?” ಎಂದು ನೇರವಾಗಿ ಕೇಳಿ, ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು ತಿಳಿವಳಿಕೆ. ಒಬ್ಬಂಟಿಯಾಗಿ ಬಿಡಬೇಡಿ, ಮನೆಯ ಕೀಟನಾಶಕವನ್ನೂ ಮಾತ್ರೆಗಳನ್ನೂ ಬೀಗ ಹಾಕಿ ಇಡಿ, ಅಂದೇ ಆಸ್ಪತ್ರೆಗೆ ಹೊರಡಿ.

ಟಿ.ಸಿ. ತೆಗೆಸಲೇ ಎಂಬ ಪ್ರಶ್ನೆಯನ್ನು ನನಗೆ ಕೇಳದ ಒಂದು ವರ್ಗವಿದೆ: ಪೀಡಿಸುವ ಮಗುವಿನ ಪೋಷಕರು. “ನನ್ನ ಮಗ ಬೇರೆಯವರನ್ನು ಗೋಳಾಡಿಸುತ್ತಾನೆ, ಏನು ಮಾಡಲಿ?” ಎಂದು ತಾವಾಗಿ ಬಂದವರು ಬಲು ವಿರಳ. ಶಾಲೆಯವರು ಕರೆಸಿದರೆ ಬರುತ್ತಾರೆ, ಬರುವಾಗಲೇ ವಾದ ಕಟ್ಟಿಕೊಂಡು. ಮನೆಯಲ್ಲಿ ಬೆಲ್ಟಿನ ಏಟು ತಿನ್ನುವವನು, ಪಾಠ ತಲೆಗೆ ಹೋಗದೆ ಅವಮಾನ ನುಂಗುವವನು, ಎಲ್ಲದರಲ್ಲೂ ಮುಂದಿದ್ದು ಬರಿಯ ಮೋಜಿಗೆ ಮಾಡುವವನು, ಮೂರೂ ಬಗೆಯವರನ್ನು ಕಂಡಿದ್ದೇನೆ. ಆ ಮಗುವಿಗೂ ಚಿಕಿತ್ಸೆಯ ಬಾಗಿಲು ಇದೇ. ಅಮಾನತು ಮಾಡಿ ಮನೆಗೆ ಕಳಿಸಿದರೆ ಅವನು ಮನೆಯಲ್ಲಿ ಕೂತು ಮೊಬೈಲ್ ನೋಡುತ್ತಾನೆ, ಅಷ್ಟೇ ಆಗುವುದು.

ಹಾಗಾದರೆ ಟಿ.ಸಿ. ತೆಗೆಸಲೇಬಾರದೇ? ತೆಗೆಸಬೇಕಾದ ಸಂದರ್ಭಗಳಿವೆ. ಬರೆದು ಕೊಟ್ಟ ಮೇಲೂ ಮುಖ್ಯಶಿಕ್ಷಕರು ಅಂಥದ್ದೇನೂ ನಡೆದೇ ಇಲ್ಲ ಎಂದರೆ, ಹೀಯಾಳಿಸುವವರಲ್ಲಿ ಶಿಕ್ಷಕರೇ ಮೊದಲಿಗರಾಗಿದ್ದರೆ, ಮೈಮೇಲೆ ಗಾಯಗಳಾಗುತ್ತಿದ್ದರೆ, ಅಥವಾ ಆ ಗೇಟು ಕಂಡರೇ ಮಗು ನಡುಗುವಂತಾಗಿ ವೈದ್ಯರೂ ಬದಲಾವಣೆ ಒಳ್ಳೆಯದು ಎಂದರೆ, ಹಟ ಹಿಡಿದು ಕೂರಬೇಡಿ. ಲೈಂಗಿಕ ಕಿರುಕುಳವಾಗಿದ್ದರೆ ಪೋಕ್ಸೊ ಕಾಯ್ದೆಯಡಿ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಶಾಲೆ ಬದಲಾಯಿಸಿದರೂ ಆ ದೂರು ನಿಲ್ಲಬಾರದು. ಹೋಗುವುದೇ ಆದರೆ ಮಗುವಿನ ಅಭಿಪ್ರಾಯ ಕೇಳಿ ಹೋಗಿ. ಎಷ್ಟೋ ಮಕ್ಕಳಿಗೆ ಆ ಶಾಲೆಯಲ್ಲೇ ಒಬ್ಬ ಗೆಳತಿ, ಒಂದು ವಾಲಿಬಾಲ್ ತಂಡ, ಒಬ್ಬ ಪ್ರೀತಿಯ ಗಣಿತ ಮೇಷ್ಟ್ರು ಇರುತ್ತಾರೆ. ಕಾಟ ಹೋಗಲಿ ಎಂದು ಕೇಳುತ್ತಿರುವ ಮಗುವಿನಿಂದ ಇದನ್ನೂ ಕಿತ್ತುಕೊಂಡಂತಾಗಬಾರದು.

ಎಂಟನೇ ತರಗತಿಯವರೆಗಿನ ಮಗುವನ್ನು ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಸೇರಿಸುವುದಾದರೆ ಟಿ.ಸಿ.ಯನ್ನು ಕೂಡಲೇ ಕೊಡಬೇಕು ಎಂದು ಶಿಕ್ಷಣ ಹಕ್ಕು ಕಾಯ್ದೆಯ 5ನೇ ಸೆಕ್ಷನ್ ಹೇಳುತ್ತದೆ. ಅದು ತಡವಾಯಿತೆಂದು ಹೊಸ ಶಾಲೆ ಪ್ರವೇಶ ನಿರಾಕರಿಸುವಂತೆಯೂ ಇಲ್ಲ. “ವರ್ಷದ ನಡುವೆ ಏಕೆ ಬಿಟ್ಟಿರಿ?” ಎಂದು ಹೊಸ ಮುಖ್ಯಶಿಕ್ಷಕರು ಕೇಳಿಯೇ ಕೇಳುತ್ತಾರೆ. ನಡೆದದ್ದನ್ನು ಅವರಿಗೂ ತರಗತಿ ಶಿಕ್ಷಕರಿಗೂ ಹೇಳಿ. ಮಗುವಿನ ಎದುರಿಗೆ, ಇಡೀ ಸ್ಟಾಫ್ ರೂಮಿನ ಕಿವಿಗೆ ಬೀಳುವಂತೆ ಮಾತ್ರ ಬೇಡ.