ಭಕ್ತಿಯ ಹೆಸರಿನಲ್ಲಿ ಕಳೆದುಹೋಗುವ ಹೊತ್ತು

ಸಾಮಾಜಿಕ ಜಾಲತಾಣಗಳಿಂದ ಸಮಯ ಹಾಳಾಗುತ್ತಿದೆ ಎಂದು ಚರ್ಚಿನಲ್ಲಿ ಸಭಾಪಾಲಕರು ಹೇಳಿದಾಗ ನಾವೆಲ್ಲ ತಲೆದೂಗುತ್ತೇವೆ. ಆದರೆ ಆಗ ನಮ್ಮ ಮನಸ್ಸಿಗೆ ಬರುವುದು ಸಿನಿಮಾ ತುಣುಕು, ಕ್ರಿಕೆಟ್ ಚರ್ಚೆ, ಹುಡುಗರ ರೀಲ್ಸ್. ನಾನು ಕಂಡಂತೆ ವಿಶ್ವಾಸಿಗಳ ಹೊತ್ತನ್ನು ಹೆಚ್ಚಾಗಿ ನುಂಗುತ್ತಿರುವುದು ಬೆಳಗಾಗುವ ಮುನ್ನವೇ ಸಾಲುಗಟ್ಟಿ ಬರುವ ಬೈಬಲ್ಲಿನ ವಾಗ್ದಾನ ವಚನದ ಚಿತ್ರಗಳು, ಒಂದು ಮುಗಿಯುತ್ತಲೇ ಇನ್ನೊಂದು ತಾನಾಗಿ ಶುರುವಾಗುವ ಪ್ರಸಂಗದ (ಚರ್ಚಿನ ಉಪದೇಶದ) ತುಣುಕುಗಳು, ದೀಕ್ಷಾಸ್ನಾನದಿಂದ ಹಿಡಿದು ಅನ್ಯಭಾಷೆಯವರೆಗೆ (ಆತ್ಮಪ್ರೇರಣೆಯಿಂದ ಅರಿಯದ ನುಡಿಯಲ್ಲಿ ಪ್ರಾರ್ಥಿಸುವುದು) ಎಲ್ಲದರ ಮೇಲೂ ನಡೆಯುವ ವಾಗ್ವಾದಗಳು. ಸಿನಿಮಾ ನೋಡುತ್ತ ರಾತ್ರಿ ಕಳೆದರೆ ಮನಸ್ಸಾಕ್ಷಿ ಚುಚ್ಚುತ್ತದೆ. ಪ್ರಸಂಗದ ತುಣುಕು ನೋಡುತ್ತ ಕಳೆದರೆ ಆ ಮನಸ್ಸಾಕ್ಷಿಯೂ ನಮ್ಮ ಜೊತೆಗೇ ನಿದ್ದೆ ಹೋಗುತ್ತದೆ.

ಸಮಯದ ವಿಚಾರ ಬಂದಾಗಲೆಲ್ಲ ನಾವು ಉದ್ಧರಿಸುವುದು ಬೈಬಲ್ಲಿನಲ್ಲಿ ಅಪೊಸ್ತಲ ಪೌಲನು ಎಫೆಸದ ಸಭೆಯವರಿಗೆ ಬರೆದ ಪತ್ರಿಕೆಯ 5ನೆಯ ಅಧ್ಯಾಯದ 15 ಮತ್ತು 16ನೆಯ ವಚನಗಳನ್ನು. ದಿನಗಳು ಕೆಟ್ಟವಾಗಿರುವುದರಿಂದ ಸಮಯವನ್ನು ಸರಿಯಾಗಿ ಬಳಸಿಕೊಳ್ಳಿರಿ ಎಂಬಲ್ಲಿಗೆ ಓದಿ ಪುಸ್ತಕ ಮುಚ್ಚಿಬಿಡುತ್ತೇವೆ. ಮುಂದೆ ಓದಿದರೆ ಪೌಲನು ಒಬ್ಬರಿಗೊಬ್ಬರು ಕೀರ್ತನೆಗಳಿಂದ ಮಾತಾಡಿಕೊಳ್ಳುವುದನ್ನೂ ಕೃತಜ್ಞತಾಸ್ತುತಿಯನ್ನೂ ಹೇಳಿ, ನೇರವಾಗಿ ಗಂಡಹೆಂಡಿರ ವಿಷಯಕ್ಕೂ ಆರನೆಯ ಅಧ್ಯಾಯದಲ್ಲಿ ತಂದೆತಾಯಿ ಮತ್ತು ಮಕ್ಕಳ ವಿಷಯಕ್ಕೂ ಬರುತ್ತಾನೆ. ಅಂದರೆ ಜ್ಞಾನವಂತರ ಸಮಯ ಎಲ್ಲಿ ವ್ಯಯವಾಗಬೇಕೆಂಬುದಕ್ಕೆ ಅವನ ಉತ್ತರ ಅದೇ ಪತ್ರಿಕೆಯಲ್ಲಿದೆ: ಒಂದೇ ಸೂರಿನ ಕೆಳಗೆ, ಎದುರಿಗೆ ಕೂತಿರುವವರಲ್ಲಿ. ಪಕ್ಕದಲ್ಲಿರುವ ಹೆಂಡತಿಯ ಮಾತಿಗೆ ಕಿವಿಗೊಡದೆ ದಾಂಪತ್ಯದ ಕುರಿತ ಪ್ರಸಂಗ ಕೇಳುತ್ತ ಕೂರುವ ಗಂಡಸರನ್ನು (ನಮ್ಮಲ್ಲಿ ಇಂಥವರು ಅಪರೂಪವೇನಲ್ಲ) ಪೌಲನು ಏನೆನ್ನುತ್ತಿದ್ದನೋ.

ಇದಕ್ಕಿಂತಲೂ ನನ್ನನ್ನು ಹೆಚ್ಚು ಕಾಡುವ ಭಾಗ ಮಾರ್ಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿದೆ. ಕಪೆರ್ನೌಮಿನಲ್ಲಿ ಸಂಜೆಯೆಲ್ಲ ರೋಗಿಗಳನ್ನು ಗುಣಪಡಿಸಿದ ಯೇಸು, ಮರುದಿನ ಇನ್ನೂ ಕತ್ತಲಿರುವಾಗಲೇ ಎದ್ದು, ಅಡವಿಯ ಸ್ಥಳಕ್ಕೆ ಹೋಗಿ ಪ್ರಾರ್ಥನೆ ಮಾಡುತ್ತಿರುತ್ತಾನೆ. ಹುಡುಕಿಕೊಂಡು ಬಂದ ಶಿಷ್ಯ ಸೀಮೋನನು ಎಲ್ಲರೂ ನಿನ್ನನ್ನು ಹುಡುಕುತ್ತಿದ್ದಾರೆ ಎನ್ನುತ್ತಾನೆ. ಇವತ್ತು ಫೋನಿನ ಪ್ರತಿಯೊಂದು ಸದ್ದೂ ನಮಗೆ ಹೇಳುವುದು ಇದನ್ನೇ, ಮತ್ತು ಆ ಸದ್ದು ನಮಗೆ ಹಿತವಾಗಿಯೂ ಇದೆ. ಯೇಸುವಾದರೋ ಜನಪ್ರಿಯನಾಗಿದ್ದ ಊರಿಗೆ ಹಿಂದಿರುಗದೆ, ತಾನು ಬಂದ ಕೆಲಸಕ್ಕಾಗಿ ಬೇರೆ ಊರುಗಳಿಗೆ ಹೊರಟನು. ಕಪೆರ್ನೌಮಿನಲ್ಲಿ ಕಾದಿದ್ದವರಲ್ಲಿ ನಿಜವಾದ ಅಗತ್ಯವಿದ್ದವರೂ ಇದ್ದಿರಬಹುದು ಎಂಬುದೇ ಈ ಭಾಗವನ್ನು ಅರಗಿಸಿಕೊಳ್ಳಲು ಕಷ್ಟವಾಗಿಸುತ್ತದೆ.

ಎಲ್ಲ ತಪ್ಪನ್ನೂ ನಮ್ಮ ಸಂಯಮದ ಮೇಲೆ ಹೊರಿಸುವುದು ನ್ಯಾಯವಲ್ಲ. ಪುಟಕ್ಕೆ ಕೊನೆಯೇ ಇಲ್ಲದಂತೆ ಬೆರಳು ಜಾರಿಸುತ್ತಲೇ ಇರುವ ವಿನ್ಯಾಸವನ್ನು 2006ರಲ್ಲಿ ರೂಪಿಸಿದ ಅಜಾ ರಾಸ್ಕಿನ್ ಅದರ ಪರಿಣಾಮದ ಬಗ್ಗೆ ಮುಂದೆ ಬಹಿರಂಗವಾಗಿಯೇ ವಿಷಾದಿಸಿದ್ದಾರೆ. ಕೀರ್ತನೆಗಳ ಪುಸ್ತಕ 150ಕ್ಕೆ ಮುಗಿಯುತ್ತದೆ, ಆರಾಧನೆ ಆಶೀರ್ವಚನದೊಂದಿಗೆ ಮುಗಿಯುತ್ತದೆ, ಪರದೆ ಮುಗಿಯುವುದಿಲ್ಲ. ಹಾಗೆಂದು ತಂತ್ರಜ್ಞಾನವೇ ಸೈತಾನನದೆಂದು ಕೂಗುವವರ ಜೊತೆಗೂ ನಾನಿಲ್ಲ. 2020ರ ಏಪ್ರಿಲ್ 12ರ ಈಸ್ಟರ್ ಲಾಕ್‌ಡೌನಿನ ನಡುವೆ ಬಂದಾಗ ಯೂಟ್ಯೂಬಿನ ಆರಾಧನೆಯೇ ನಮ್ಮನ್ನು ಹಿಡಿದಿಟ್ಟಿತು. ಕೊಲ್ಲಿ ದೇಶಗಳಲ್ಲಿ ದುಡಿಯುವ ಮಂಗಳೂರಿನವರಿಗೆ ಊರಿನ ಆರಾಧನೆಯ ನೇರ ಪ್ರಸಾರ ಇವತ್ತಿಗೂ ದೊಡ್ಡ ಆಸರೆ. 2025ರ ಸೆಪ್ಟೆಂಬರಿನಲ್ಲಿ ಕ್ಯಾಥೊಲಿಕ್ ಸಭೆಯಿಂದ ಸಂತನೆಂದು ಘೋಷಿತನಾದ ಕಾರ್ಲೊ ಅಕುಟಿಸ್ ಹದಿನೈದರ ಹರೆಯದಲ್ಲೇ ತೀರಿಕೊಂಡ ಹುಡುಗ. ಕಂಪ್ಯೂಟರಿನಲ್ಲಿ ನಿಪುಣನಾಗಿದ್ದು, ಪರಮಪ್ರಸಾದದ (ಆರಾಧನೆಯಲ್ಲಿ ಹಂಚುವ ಪವಿತ್ರ ರೊಟ್ಟಿಯ) ಅದ್ಭುತಗಳ ಕುರಿತು ಜಾಲತಾಣವನ್ನೇ ರಚಿಸಿದ್ದವನು, ವಿಡಿಯೊ ಆಟಕ್ಕೆ ಮಾತ್ರ ವಾರಕ್ಕೆ ಒಂದು ಗಂಟೆಯ ಮಿತಿ ಹಾಕಿಕೊಂಡಿದ್ದನಂತೆ. ನಾನು ಪ್ರೊಟೆಸ್ಟಂಟ್ ಆದರೂ ಈ ಮಿತಿಯ ಲೆಕ್ಕ ನನಗೆ ಹಿಡಿಸಿದೆ.

ಇನ್ನು ನಮ್ಮ ಪ್ರಾರ್ಥನಾ ಗುಂಪಿನ ಮಾತು. ಯಾರದೋ ತಾಯಿಗೆ ಶಸ್ತ್ರಚಿಕಿತ್ಸೆ ಎಂದು ವಾಟ್ಸಾಪಿನಲ್ಲಿ ಬಂದರೆ ನಿಮಿಷದೊಳಗೆ ಜೋಡಿಸಿದ ಕೈಗಳ ಚಿತ್ರಗಳು ಸಾಲಾಗಿ ಬೀಳುತ್ತವೆ, ಅವುಗಳ ನಡುವೆಯೇ ಮರುದಿನದ ಉಪವಾಸ ಕೂಟದ ಪೋಸ್ಟರ್ ಬರುತ್ತದೆ, ಅದಕ್ಕೂ ಅವೇ ಕೈಗಳು. ಆ ಚಿತ್ರವನ್ನು ಒತ್ತಿದವರಲ್ಲಿ ಕಣ್ಣು ಮುಚ್ಚಿ ಪ್ರಾರ್ಥಿಸಿದವರು ಎಷ್ಟು ಮಂದಿ ಎಂದು ಕೇಳುವುದು ಅಸಭ್ಯವಾದೀತು. ಆದರೂ ಒತ್ತಿದ ಕೂಡಲೇ ಕರ್ತವ್ಯ ಮುಗಿದಂತೆ ಅನ್ನಿಸುವುದು ಸುಳ್ಳಲ್ಲ. ಬೇಡಿಕೆ ಬಂದಾಗ ಚಿತ್ರ ಹಾಕದೆ, ಆ ಮನೆಗೆ ಸರದಿಯ ಪ್ರಕಾರ ಒಬ್ಬರು ಫೋನ್ ಮಾಡಿ ಮಾತಾಡಿ, ಫೋನಿನಲ್ಲೇ ಪ್ರಾರ್ಥಿಸೋಣ ಎಂದು ನಾನು ಸೂಚಿಸಿದ್ದೇನೆ. ಅದಕ್ಕೆಲ್ಲ ಎಲ್ಲಿದೆ ಪುರುಸೊತ್ತು ಎಂದು ಕೆಲವರು ಆಕ್ಷೇಪಿಸಿದ್ದಾರೆ, ಅದೇ ಗುಂಪಿನಲ್ಲಿ, ಸಾಕಷ್ಟು ಉದ್ದವಾಗಿಯೇ ಬರೆದು.