ತಗಡಿನ ಚಾವಣಿಗೆ ಪಫ್ ಹೊಡೆಸುವ ಮುನ್ನ

ಮಾರ್ಚ್ ಬಂತೆಂದರೆ ರಾಯಚೂರು, ಕಲಬುರಗಿ ಕಡೆ ತಗಡಿನ ಕೋಣೆಯಲ್ಲಿ ಮಧ್ಯಾಹ್ನ ಕೂರುವ ಹಾಗಿಲ್ಲ. ಫ್ಯಾನ್ ಹಾಕಿದರೆ ಬಿಸಿಗಾಳಿಯೇ ನೆತ್ತಿಗೆ ಬಡಿಯುತ್ತದೆ. ತಗಡಿನ ಒಳಮೈಗೆ ಎರಡು ಇಂಚು ಪಾಲಿಯುರೆಥೇನ್ ಫೋಮ್, ಕೆಲಸದವರ ಬಾಯಲ್ಲಿ ಪಫ್, ಹೊಡೆಸಿದರೆ ಈ ಕಾಟ ಬಹಳಷ್ಟು ತಗ್ಗುತ್ತದೆ. ತಗಡನ್ನು ಸರಿಯಾಗಿ ಸಿದ್ಧ ಮಾಡಿರಬೇಕು, ಅಷ್ಟೇ.

ಮೊದಲು ಸೋರಿಕೆ ನಿಲ್ಲಿಸಿ. ಸ್ಕ್ರೂಗಳ ರಬ್ಬರ್ ವಾಷರ್ ಬಿಸಿಲಿಗೆ ಬಿರಿದಿದ್ದರೆ ಬದಲಾಯಿಸಿ. ಫೋಮ್ ಮುಚ್ಚಿದ ಮೇಲೆ ನೀರು ಎಲ್ಲಿಂದ ಇಳಿಯುತ್ತಿದೆ ಅಂತ ಗೊತ್ತೇ ಆಗುವುದಿಲ್ಲ, ತಗಡನ್ನು ಒಳಗೊಳಗೇ ತುಕ್ಕು ತಿನ್ನುತ್ತದೆ. ಆಮೇಲೆ ವೈರ್ ಬ್ರಷ್‌ನಿಂದ ತುಕ್ಕು ಉಜ್ಜಿ, ಎಣ್ಣೆಪಸೆ ಒರೆಸಿ, ಪೂರ್ತಿ ಒಣಗಲು ಬಿಡಿ. ತೇವ ಉಳಿದರೆ ಫೋಮ್ ಆಗುವ ಎರಡು ದ್ರವಗಳಲ್ಲಿ ಒಂದಾದ ಐಸೊಸಯನೇಟ್ ಆ ನೀರಿನ ಜೊತೆ ಸೇರಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಫೋಮ್ ಗುಳ್ಳೆಯೆದ್ದು ಹಪ್ಪಳದಂತೆ ಕಳಚುತ್ತದೆ. ಆಸ್ಬೆಸ್ಟಾಸ್ ಶೀಟಾದರೆ ಮಾತ್ರ ಬ್ರಷ್ ಮುಟ್ಟಿಸಲೇಬೇಡಿ, ಅದರ ಧೂಳು ಶ್ವಾಸಕೋಶಕ್ಕೆ ವಿಷ.

ಐಸೊಸಯನೇಟ್, ಇನ್ನೊಂದು ದ್ರವವಾದ ಪಾಲಿಯಾಲ್ ಎರಡೂ ಬಿಸಿಯಾಗಿ, ಸಮ ಪ್ರಮಾಣದಲ್ಲಿ ಸ್ಪ್ರೇ ಗನ್‌ನಲ್ಲಿ ಬೆರೆಯಬೇಕು. ಐಸೊ ಹೆಚ್ಚಾದರೆ ಫೋಮ್ ಪುಡಿಪುಡಿ, ಪಾಲಿಯಾಲ್ ಹೆಚ್ಚಾದರೆ ಮೆತ್ತಗೆ, ಅಂಟಂಟು, ತಿಂಗಳಾದರೂ ಹೋಗದ ವಾಸನೆ. ಎರಡು ಇಂಚನ್ನು ಒಂದೇ ಪಟ್ಟಿಗೆ ಹೊಡೆದು ಮುಗಿಸುವ ಅವಸರದವರೂ ಇದ್ದಾರೆ, ಬಿಡಬೇಡಿ. ಒಂದೊಂದು ಇಂಚಿನಂತೆ ಎರಡು ಪದರ, ನಡುವೆ ತಣಿಯಲು ಸಮಯ. ದಪ್ಪ ಪದರದ ಒಡಲಲ್ಲಿ ಶಾಖ ಸಿಕ್ಕಿಬಿದ್ದು ಫೋಮ್ ಕಂದಾಗಿ ಸೀಳುತ್ತದೆ, ಹೊತ್ತಿಕೊಳ್ಳಲೂಬಹುದು.

10×12 ಅಡಿ ಕೋಣೆಗೆ ಶೀಟಿನ ಏರಿಳಿತ, ಪೋಲು ಎಲ್ಲ ಸೇರಿ ಸುಮಾರು 30 ಕೆ.ಜಿ. ಮಾಲು ಬೇಕು. ಇದು ಘನ ಮೀಟರಿಗೆ 40 ಕೆ.ಜಿ. ಸಾಂದ್ರತೆಯ ಲೆಕ್ಕ. ಪರೀಕ್ಷೆ ಸುಲಭ: 10×10×5 ಸೆಂ.ಮೀ. ತುಂಡು ಕತ್ತರಿಸಿ ತೂಗಿ. 20 ಗ್ರಾಂ ಆಸುಪಾಸು ಬರಬೇಕು. 12 ಗ್ರಾಂ ಬಂದರೆ ನೀವು ದುಡ್ಡು ಕೊಟ್ಟಿದ್ದು ಬರೀ ಗಾಳಿಗೆ.

ಹೊಡೆಯುವಾಗ ಒಳಗಿರುವವರಿಗೆ ಹೊರಗಿನ ಗಾಳಿ ಕೊಡುವ ಮಾಸ್ಕ್ ಬೇಕು, ಬಟ್ಟೆ ಮಾಸ್ಕ್ ಏನೂ ತಡೆಯದು. ಮನೆಯವರು 24 ಗಂಟೆ ಒಳಗೆ ಬರಬಾರದು. ಫೋಮ್ ಉರಿದರೆ ಹೊಗೆಯಲ್ಲಿ ಸಯನೈಡ್ ಅನಿಲವೂ ಇರುತ್ತದೆ, ಆದ್ದರಿಂದ ವಾಸದ ಕೋಣೆಯಲ್ಲಿ ಫೋಮಿನ ಕೆಳಗೆ 12.5 ಮಿ.ಮೀ. ಜಿಪ್ಸಮ್ ಬೋರ್ಡ್ ಕಡ್ಡಾಯ. ಖರ್ಚು ಉಳಿಸಲು ಬಿಡುವುದು ಇದನ್ನೇ.

ಗೋಡೆ-ತಗಡಿನ ಸಂದಿಗೆ 750 ಮಿ.ಲೀ. ಡಬ್ಬಿಯ ಫೋಮ್ ಸಾಕು. ಅದು ಗಟ್ಟಿಯಾಗಲು ತೇವ ಬೇಕು, ಹಾಗಾಗಿ ಸಂದಿಗೆ ನೀರು ಚಿಮುಕಿಸಿ, ಡಬ್ಬಿ ತಲೆಕೆಳಗೆ ಹಿಡಿದು ಅರ್ಧ ಮಾತ್ರ ತುಂಬಿಸಿ. ಕೈಗೆ ಗ್ಲೌಸ್ ಹಾಕಿ. ಹಸಿ ಇರುವಾಗ ಅಸಿಟೋನ್‌ಗೆ ಕರಗುತ್ತದೆ, ಒಣಗಿದ ಮೇಲೆ ಚಾಕುವೇ ಗತಿ.