ಸಾರಿಲ್ಲದ ದೊಡ್ಡ ಉಂಡೆ

ಜನವರಿ 19, 2025, ಭಾನುವಾರ
ಪಿಟ್ಸ್‌ಬರ್ಗ್

ಮಧ್ಯಾಹ್ನದ ಹೊತ್ತಿಗೆ ಮುಂಬಾಗಿಲಿನ ಮೆಟ್ಟಿಲುಗಳು ಹಿಮದಲ್ಲಿ ಮುಚ್ಚಿಹೋದವು. ಕಾರು ತೆಗೆಯುವ ಮನಸ್ಸು ಮನೆಯಲ್ಲಿ ಯಾರಿಗೂ ಇರಲಿಲ್ಲ. ನಾಳೆ ಮಾರ್ಟಿನ್ ಲೂಥರ್ ಕಿಂಗ್ ದಿನದ ರಜೆ, ಮಗಳಿಗೆ ಶಾಲೆಯೂ ಇಲ್ಲ. ಫ್ರೀಜರಿನಲ್ಲಿದ್ದ ಒಂದು ಪೌಂಡ್ ಟರ್ಕಿ ಕೈಮ, ಒಂದು ಪೌಂಡ್ ಹಂದಿ ಕೈಮ ಎರಡನ್ನೂ ಶುಕ್ರವಾರ ರಾತ್ರಿಯೇ ಫ್ರಿಜ್ಜಿಗೆ ಇಳಿಸಿಟ್ಟಿದ್ದೆ. ಡಬ್ಬಿಯಲ್ಲಿ ಮೂರು ದಿನದ ಹಿಂದಿನ ಬ್ರೆಡ್ಡಿನ ತುಂಡುಗಳು, ಅರ್ಧ ಬಾಟಲಿ ಕೆಚಪ್, ಮೊಟ್ಟೆ, ಈರುಳ್ಳಿ, ಹಾಲು. ಇಷ್ಟಿದ್ದರೆ ಈ ಊರಿನ ಹಳೆಯ ಮನೆಗಳಲ್ಲಿ ಹೆಚ್ಚು ಯೋಚಿಸುವುದಿಲ್ಲ, ಮೀಟ್‌ಲೋಫ್ ಮಾಡುತ್ತಾರೆ. ನಾನೂ ಮಾಡಿದೆ. ಇಲ್ಲಿಗೆ ಬಂದ ಏಳು ವರ್ಷಗಳಲ್ಲಿ ಮೊದಲ ಬಾರಿಗೆ ಅದು ನನ್ನ ಮನಸ್ಸಿಗೆ ಒಪ್ಪುವ ಹಾಗೆ ಬಂತು. ಕೈಯಲ್ಲಿ ಲೆಕ್ಕ ಇರುವಾಗಲೇ ಬರೆದಿಡುತ್ತಿದ್ದೇನೆ.

ಗೊತ್ತಿಲ್ಲದವರಿಗಾಗಿ ಒಂದು ಮಾತು. ಕೈಮಕ್ಕೆ ಬ್ರೆಡ್ಡು, ಮೊಟ್ಟೆ, ಈರುಳ್ಳಿ ಸೇರಿಸಿ ಕಲಸಿ, ಬ್ರೆಡ್ಡಿನ ದಿಂಡಿನಂತೆ ತಟ್ಟಿ, ಓವನ್ನಿನಲ್ಲಿ ಬೇಯಿಸಿ, ಹೋಳು ಮಾಡಿ ಬಡಿಸುವುದೇ ಮೀಟ್‌ಲೋಫ್. ಇಲ್ಲಿನವರು ಸಾಮಾನ್ಯವಾಗಿ ದನದ ಮಾಂಸದಲ್ಲಿ ಮಾಡುತ್ತಾರೆ. ನಮ್ಮ ಮನೆಯಲ್ಲಿ ಅದರ ಬಳಕೆಯಿಲ್ಲ. ಬರೀ ಟರ್ಕಿಯಾದರೆ ಕೊಬ್ಬು ಸಾಲದೆ ಒಣಗುತ್ತದೆ, ಅದಕ್ಕೇ ಹಂದಿ ಅರ್ಧಕ್ಕರ್ಧ.

ನಾನು ಮಂಡ್ಯದ ಕಡೆಯವಳು. ಕೈಮ ಎಂದರೆ ನನಗೆ ಉಂಡೆ ಸಾರು. ಅವ್ವ ಹುರಿಗಡಲೆಯನ್ನು ನುಣ್ಣಗೆ ಪುಡಿ ಮಾಡಿ, ಕುರಿ ಕೈಮಕ್ಕೆ ಕಾಯಿತುರಿ, ಶುಂಠಿ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಚಕ್ಕೆ, ಲವಂಗ ಎಲ್ಲ ಸೇರಿಸಿ ಒರಳಿನಲ್ಲಿ ರುಬ್ಬಿ, ನಿಂಬೆಹಣ್ಣಿನ ಗಾತ್ರಕ್ಕೆ ಉಂಡೆ ಕಟ್ಟಿ, ಕುದಿಯುವ ಸಾರಿಗೆ ಒಂದೊಂದಾಗಿ ಬಿಡುತ್ತಿದ್ದಳು. ಬಿಟ್ಟ ಮೇಲೆ ಸೌಟು ಆಡಿಸುವಂತಿಲ್ಲ. ಉಂಡೆ ಗಟ್ಟಿಯಾಗುವ ತನಕ ಒಲೆಯ ಹತ್ತಿರ ನಾವು ಮಕ್ಕಳು ಸುಳಿಯುವಂತೆಯೂ ಇರಲಿಲ್ಲ.

ಇಲ್ಲಿಗೆ ಬಂದ ಮೊದಲ ಚಳಿಗಾಲದಲ್ಲಿ ನಾನು ಮೀಟ್‌ಲೋಫ್ ಮಾಡಲು ಹೊರಟದ್ದು ಆ ಲೆಕ್ಕದಲ್ಲೇ. ಇದೂ ಒಂದು ಉಂಡೆ ತಾನೇ, ದೊಡ್ಡದು, ಅಷ್ಟೇ ಅಂದುಕೊಂಡೆ. ಹುರಿಗಡಲೆ ಪುಡಿ ಹಾಕಿದೆ, ಚೆನ್ನಾಗಿ ನಾದಿದೆ, ಓವನ್ನಿಗಿಟ್ಟೆ. ಹೊರಬಂದದ್ದನ್ನು ಕತ್ತರಿಸಿದಾಗ ಹಿಟ್ಟು ಹಿಟ್ಟಾಗಿ ಉದುರಿತು, ಗಂಟಲಲ್ಲಿ ಇಳಿಯಲಿಲ್ಲ. ಓವನ್ನಿನ ಶಾಖ ಹೆಚ್ಚಾಯಿತೆಂದು ಭಾವಿಸಿ ಮುಂದಿನ ಸಲ ಶಾಖ ಇಳಿಸಿದೆ. ಆಗಲೂ ಹಾಗೆಯೇ. ಹೀಗೆ ವರ್ಷಗಟ್ಟಲೆ ತಪ್ಪು ಜಾಗದಲ್ಲಿ ಹುಡುಕಿದೆ.

ಕಾರಣ ಹೊಳೆದದ್ದು ಹೋದ ತಿಂಗಳು, ಉಂಡೆ ಸಾರು ಮಾಡುತ್ತಿದ್ದಾಗಲೇ. ಬೆಂದ ಉಂಡೆಯನ್ನು ಚಮಚದ ಹಿಂಬದಿಯಿಂದ ಒತ್ತಿದೆ, ಒಳಗಿನಿಂದ ಸಾರು ಜಿನುಗಿತು. ಉಂಡೆ ಕುದಿಯುತ್ತಾ ತನ್ನ ನೀರು ಕಳೆದುಕೊಳ್ಳುತ್ತದೆ ನಿಜ, ಆದರೆ ಸುತ್ತಲೂ ಸಾರಿದೆ, ಹುರಿಗಡಲೆ ಅದನ್ನು ಹೀರಿಕೊಂಡು ಒಳಗೆ ಕೂರಿಸುತ್ತದೆ. ಓವನ್ನಿನಲ್ಲಿ ಸುತ್ತಲೂ ಇರುವುದು ಒಣ ಬಿಸಿಗಾಳಿ. ಅಲ್ಲಿ ಹುರಿಗಡಲೆಗೆ ಕುಡಿಯಲು ಸಿಗುವುದು ಮಾಂಸದ ರಸವೊಂದೇ. ಮೀಟ್‌ಲೋಫ್ ತನ್ನ ಸಾರನ್ನು ತಾನೇ ಒಳಗೆ ಹೊತ್ತುಕೊಂಡು ಓವನ್ನಿಗೆ ಹೋಗಬೇಕು. ಇದು ತಿಳಿದ ಮೇಲೆ ಬ್ರೆಡ್ಡನ್ನು ಹಾಲಿನಲ್ಲಿ ಏಕೆ ನೆನೆಸುತ್ತಾರೆ ಎಂಬುದು ನನಗೆ ಅರ್ಥವಾಯಿತು. ಅಲ್ಲಿಯವರೆಗೆ ಅದನ್ನು ನಾನು ಸುಮ್ಮನೆ ಒಂದು ರೂಢಿ ಎಂದುಕೊಂಡಿದ್ದೆ.

ಇಂದು ಬ್ರೆಡ್ಡಿನ ಮೂರು ದಪ್ಪ ಹೋಳುಗಳ ಅಂಚು ತೆಗೆಯದೆ ಚೂರು ಮಾಡಿ, ಅರ್ಧ ಕಪ್ ಹಾಲು, ಅಂದರೆ ಸುಮಾರು 120 ಮಿಲಿಲೀಟರ್, ಸುರಿದು ಹತ್ತು ನಿಮಿಷ ಬಿಟ್ಟೆ. ಆಮೇಲೆ ಬೆರಳಿನಿಂದ ಹಿಸುಕಿದೆ. ಅಂಚಿನ ಗಟ್ಟಿ ಭಾಗವೂ ಕರಗಿ, ಮಗುವಿಗೆ ಉಣ್ಣಿಸುವ ಸರಿಯ ಹದಕ್ಕೆ ಬಂತು. ಈ ಹದ ಬಾರದೆ ಮಾಂಸಕ್ಕೆ ಸೇರಿಸಬಾರದು. ಬ್ರೆಡ್ಡಿನ ಪಿಷ್ಟ ಹಾಲನ್ನು ಹಿಡಿದಿಟ್ಟುಕೊಂಡು ಮಾಂಸದ ನಾರುಗಳ ನಡುವೆ ಹರಡುತ್ತದೆ. ಬಿಸಿಗೆ ನಾರುಗಳು ಬಿಗಿಯಾಗಿ ಒಂದಕ್ಕೊಂದು ಅಂಟಿಕೊಂಡು ನೀರನ್ನು ಹಿಂಡಿ ಹೊರಹಾಕಲು ಹೋದಾಗ ಇದು ನಡುವೆ ಅಡ್ಡ ನಿಲ್ಲುತ್ತದೆ. ಹೋಳು ಮೆತ್ತಗೆ ಉಳಿಯುವುದು ಇದರಿಂದ. ಬ್ರೆಡ್ಡು ಎಂದರೆ ಮಾಂಸ ಹೆಚ್ಚಾಗಿ ಕಾಣಲಿ ಎಂದು ಹಾಕುವ ಬೆರಕೆ ಎಂದು ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. ಬ್ರೆಡ್ಡಿಲ್ಲದೆ, ಬರೀ ಮಾಂಸದಲ್ಲಿಯೂ ಒಮ್ಮೆ ಮಾಡಿ ನೋಡಿದ್ದೇನೆ. ಇಟ್ಟಿಗೆಯಂತಿತ್ತು.

ಆದರೆ ಉಳಿತಾಯದ ಅಡುಗೆ ಎಂಬ ಹೆಸರು ಇದಕ್ಕೆ ಬಂದದ್ದು ಸುಮ್ಮನೆ ಅಲ್ಲ. ಪಕ್ಕದ ಮನೆಯ ಅಜ್ಜಿಗೆ ಈಗ ಎಂಬತ್ತಾರು. ಅವರ ತಂದೆ ಉಕ್ಕಿನ ಕಾರ್ಖಾನೆಯಲ್ಲಿದ್ದವರು. ಎರಡನೆಯ ಮಹಾಯುದ್ಧದ ನಡುವೆ, 1943ರ ಮಾರ್ಚ್ ಕೊನೆಯಲ್ಲಿ, ಅಮೆರಿಕದಲ್ಲಿ ಮಾಂಸಕ್ಕೂ ರೇಷನ್ ಬಂತು. ಮಾಂಸ, ಬೆಣ್ಣೆ, ಕೊಬ್ಬಿಗೆ ಕೆಂಪು ಚೀಟಿ, ಡಬ್ಬಿಯಲ್ಲಿ ಬರುವ ತರಕಾರಿ ಹಣ್ಣುಗಳಿಗೆ ನೀಲಿ. ಮರುವರ್ಷ ಆ ಚೀಟಿಗಳಿಗೆ ಚಿಲ್ಲರೆ ಕೊಡಲೆಂದು ಕೆಂಪು, ನೀಲಿ ಬಣ್ಣದ ಸಣ್ಣ ಬಿಲ್ಲೆಗಳನ್ನು ಹೊರತಂದರು. ಅಂಥದೊಂದು ಕೆಂಪು ಬಿಲ್ಲೆ ಅಜ್ಜಿಯ ಗುಂಡಿಗಳ ಡಬ್ಬಿಯಲ್ಲಿದೆ. ಲೋಹದ್ದಲ್ಲ, ಒತ್ತಿದ ನಾರಿನದು. ಅಂಗೈಯಲ್ಲಿಟ್ಟರೆ ಭಾರವೇ ತಿಳಿಯುವುದಿಲ್ಲ, ಅಂಗಿಯ ಗುಂಡಿಗಿಂತ ಸ್ವಲ್ಪ ದೊಡ್ಡದು, ನಡುವೆ 1 ಎಂಬ ಅಂಕಿ. ಇಂಥ ಬಿಲ್ಲೆಗಳನ್ನು ಎಣಿಸಿಕೊಂಡು ಅವರ ತಾಯಿ ಮಾಂಸದಂಗಡಿಗೆ ಹೋಗುತ್ತಿದ್ದರಂತೆ. ಒಂದು ಪೌಂಡ್ ಕೈಮದಲ್ಲಿ ಆರು ಜನ ಉಣ್ಣಬೇಕು, ಆದ್ದರಿಂದ ಬ್ರೆಡ್ಡಿಲ್ಲದ ದಿನ ಓಟ್ಸ್, ಓಟ್ಸ್ ಇಲ್ಲದ ದಿನ ಉಪ್ಪು ಬಿಸ್ಕತ್ತಿನ ಪುಡಿ. ಓಟ್ಸ್ ಹಾಕಿದ್ದು ಹೋಳು ಚೆನ್ನಾಗಿ ಬರುತ್ತದೆ, ಒಂದೂ ಮುರಿಯುವುದಿಲ್ಲ, ಆದರೆ ಬಾಯಿಗೆ ಸ್ವಲ್ಪ ಬಿಗಿ. ಬಿಸ್ಕತ್ತು ಹಾಕಿದರೆ ಉಪ್ಪು ಕಡಿಮೆ ಮಾಡಿಕೊಳ್ಳಬೇಕು. ಏನೇ ಇದ್ದರೂ ಹಾಲಿನಲ್ಲೋ ನೀರಿನಲ್ಲೋ ನೆನೆಸಿಯೇ ಹಾಕುತ್ತಿದ್ದರು ಎಂದು ಅಜ್ಜಿ ಒತ್ತಿ ಹೇಳಿದರು.

ರುಚಿಯ ಮಾತಿಗೆ ಬಂದರೆ ಮೊದಲು ಈರುಳ್ಳಿ. ಹಸಿ ಈರುಳ್ಳಿ ಹಾಕಿದರೆ ಒಳಗೆ ಅರೆಬೆಂದು ಹಲ್ಲಿಗೆ ಸಿಗುತ್ತದೆ, ನೀರು ಬಿಟ್ಟು ದಿಂಡನ್ನು ಒಡೆಯುತ್ತದೆ. ಒಂದು ದೊಡ್ಡ ಈರುಳ್ಳಿ, ನಾಲ್ಕು ಎಸಳು ಬೆಳ್ಳುಳ್ಳಿ ಸಣ್ಣಗೆ ಹೆಚ್ಚಿ, ಎರಡು ಚಮಚ ಎಣ್ಣೆಯಲ್ಲಿ ಅಂಚು ಕಂದಾಗುವವರೆಗೆ ಬಾಡಿಸಿದೆ. ಕೊನೆಯಲ್ಲಿ ಒಂದು ದೊಡ್ಡ ಚಮಚ ಕೆಚಪ್ಪನ್ನು ಅದೇ ಬಾಣಲೆಗೆ ಹಾಕಿ, ಅದರ ಬಣ್ಣ ಇಟ್ಟಿಗೆ ಕೆಂಪಿಗೆ ತಿರುಗುವ ತನಕ ಹುರಿದೆ. ಈ ಒಂದು ನಿಮಿಷದ ಕೆಲಸಕ್ಕೆ ಸಿಗುವ ರುಚಿ ಬಹಳ ದೊಡ್ಡದು. ಆಮೇಲೆ ಪೂರ್ತಿ ಆರಿಸಬೇಕು, ಬಿಸಿ ಇರುವಾಗ ಮಾಂಸಕ್ಕೆ ಹಾಕಬಾರದು.

ಎರಡನೆಯದು ವೂಸ್ಟರ್‌ಶೈರ್ ಸಾಸ್, ಒಂದು ದೊಡ್ಡ ಚಮಚ. ಇಂಗ್ಲೆಂಡಿನ ಈ ಕಪ್ಪು ಸಾಸಿನ ಬಾಟಲಿಯನ್ನು ವರ್ಷಗಟ್ಟಲೆ ಬಳಸಿದ ಮೇಲೆ ಒಂದು ದಿನ ಹಿಂಬದಿಯ ಚೀಟಿ ಓದಿದ್ದೆ. ವಿನೆಗರ್, ಕಾಕಂಬಿ, ಸಣ್ಣ ಮೀನು, ಹುಣಸೆಹಣ್ಣು! ಆ ಹುಳಿ ನನಗೆ ಮೊದಲಿನಿಂದಲೂ ಗುರುತಿನದೆನಿಸುತ್ತಿದ್ದುದು ಇದಕ್ಕೇ ಇರಬೇಕು. ಸಾಸ್ ಮುಗಿದಿದ್ದರೆ ಗಟ್ಟಿ ಹುಣಸೆರಸ ಅರ್ಧ ಚಮಚ, ಸೋಯಾ ಸಾಸ್ ಒಂದು ಚಮಚ, ಚಿಟಿಕೆ ಬೆಲ್ಲ ಹಾಕಿ ನೋಡಿ, ಕೆಲಸ ನಡೆಯುತ್ತದೆ.

ಹುರಿದ ಈರುಳ್ಳಿ, ನೆನೆದ ಬ್ರೆಡ್ಡು, ಎರಡು ಮೊಟ್ಟೆ, ಸಾಸ್, ಒಂದೂವರೆ ಸಣ್ಣ ಚಮಚ ಉಪ್ಪು, ಒಂದು ಸಣ್ಣ ಚಮಚ ಕರಿಮೆಣಸಿನ ಪುಡಿ, ಅಷ್ಟೇ ಒಣ ಥೈಮ್ ಎಲೆ, ಇಷ್ಟನ್ನು ಮೊದಲು ಒಟ್ಟಿಗೆ ಕಲಸಿ, ಮಾಂಸವನ್ನು ಕೊನೆಯಲ್ಲಿ ಸೇರಿಸಿದೆ. ಸೇರಿಸಿದ ಮೇಲೆ ನಾದಬಾರದು. ಅವ್ವನ ಉಂಡೆಗೂ ಇದಕ್ಕೂ ಇರುವ ಇನ್ನೊಂದು ವ್ಯತ್ಯಾಸ ಇದು. ಉಂಡೆ ಕುದಿಯುವ ಸಾರಿನಲ್ಲಿ ಒಡೆಯಬಾರದು, ಅದಕ್ಕೆ ಜಿಗುಟು ಬೇಕು. ಇದಕ್ಕೆ ಜಿಗುಟು ಬಂದರೆ ರಬ್ಬರಾಗುತ್ತದೆ. ಬೆರಳುಗಳನ್ನು ಅಗಲಿಸಿ, ಅವಲಕ್ಕಿಗೆ ಒಗ್ಗರಣೆ ಕಲಸುವಂತೆ ಹಗುರವಾಗಿ ತಿರುವಿದರೆ ಸಾಕು.

ಹಸಿ ಮಾಂಸದ ಉಪ್ಪು ನೋಡುವುದು ಹೇಗೆ? ನೆಲ್ಲಿಕಾಯಿ ಗಾತ್ರದ ಮುದ್ದೆಯನ್ನು ತವದ ಮೇಲೆ ತಟ್ಟಿ ಎರಡೂ ಬದಿ ಪೂರ್ತಿ ಬೇಯಿಸಿ ತಿಂದು ನೋಡಿದೆ. ಉಪ್ಪು ಸರಿಯಿತ್ತು, ಖಾರ ಸಾಲದು. ಇನ್ನರ್ಧ ಚಮಚ ಮೆಣಸು ಹಾಕಿದೆ. ಇಡೀ ದಿಂಡು ಬೆಂದ ಮೇಲೆ ಸಪ್ಪೆ ಎಂದು ಗೊತ್ತಾದರೆ ಮಾಡಲು ಏನೂ ಉಳಿದಿರುವುದಿಲ್ಲ.

ಬ್ರೆಡ್ಡಿನ ಅಚ್ಚಿನಲ್ಲಿ ಬೇಯಿಸುವವರೇ ಹೆಚ್ಚು. ನಾನು ಈ ಸಲ ಅಚ್ಚು ಬಿಟ್ಟು, ಅಗಲದ ತಟ್ಟೆಗೆ ಓವನ್ನಿಗೆಂದೇ ಬರುವ ಬೇಕಿಂಗ್ ಕಾಗದ ಹಾಸಿ ಅದರ ಮೇಲೆಯೇ ದಿಂಡನ್ನು ತಟ್ಟಿದೆ. ಅಚ್ಚಿನಲ್ಲಿ ಕರಗಿದ ಕೊಬ್ಬು ಸುತ್ತ ನಿಂತು, ಮೇಲ್ಭಾಗ ಮಾತ್ರ ಕೆಂಪಾಗಿ ಬದಿಗಳು ಬಿಳಿಚಿಕೊಂಡಿರುತ್ತವೆ. ತಟ್ಟೆಯ ಮೇಲಾದರೆ ಮೂರು ಬದಿಯೂ ಕಂದುತ್ತದೆ, ಮೇಲೆ ಸವರುವ ಗೊಜ್ಜು ಬದಿಗಳಿಗೂ ಹಿಡಿಯುತ್ತದೆ. ಓವನ್ 350 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 177 ಸೆಲ್ಸಿಯಸ್.

ಮೇಲಿನ ಗೊಜ್ಜಿಗೆ ಅರ್ಧ ಕಪ್ ಕೆಚಪ್, ಒಂದು ದೊಡ್ಡ ಚಮಚ ಸೇಬಿನ ವಿನೆಗರ್, ಎರಡು ದೊಡ್ಡ ಚಮಚ ಕಂದು ಸಕ್ಕರೆ. ಸಕ್ಕರೆ ಡಬ್ಬಿಯಲ್ಲೇ ಕಲ್ಲಾಗಿತ್ತು. ಅದರ ಬದಲು ಬೆಲ್ಲ ತುರಿದು ಹಾಕಿದೆ, ಇನ್ನು ಮುಂದೆ ಬೆಲ್ಲವೇ. ಅಂದ ಹಾಗೆ, ಕೆಚಪ್ ಈ ಊರಿನ ಮನೆಮಗಳು. ಆಲೆಘೆನಿ ನದಿಯ ದಡದ ಶಾರ್ಪ್ಸ್‌ಬರ್ಗ್‌ನಲ್ಲಿ 1869ರಲ್ಲಿ ಹೆನ್ರಿ ಹೈಂಜ್ ವ್ಯಾಪಾರ ಶುರು ಮಾಡಿದ್ದು ಕೆಚಪ್ಪಿನಿಂದಲ್ಲ, ಹಾರ್ಸ್‌ರ್ಯಾಡಿಷ್ ಎಂಬ ಖಾರದ ಬೇರಿನ ತುರಿಯಿಂದ. ದಿವಾಳಿಯಾಗಿ ಮತ್ತೆ ಎದ್ದು ನಿಂತು 1876ರಲ್ಲಿ ಕೆಚಪ್ ಮಾರಿದ. ಅಜ್ಜಿಯ ಮನೆಯಲ್ಲಿ ಬೇರೆ ಕೆಚಪ್ ಬಾಟಲಿ ನಾನು ಕಂಡಿಲ್ಲ.

ನಲವತ್ತು ನಿಮಿಷ ಬೆಂದ ಮೇಲೆ ಅರ್ಧ ಗೊಜ್ಜು ಸವರಿದೆ, ಹತ್ತು ನಿಮಿಷ ಬಿಟ್ಟು ಉಳಿದರ್ಧ. ಮೊದಲೇ ಸವರಿದರೆ ಬೆಲ್ಲ ಸೀದುಹೋಗುತ್ತದೆ. ಬೆಂದಿತೋ ಇಲ್ಲವೋ ಎಂಬುದನ್ನು ಬಣ್ಣ ನೋಡಿ ನಿರ್ಧರಿಸಬಾರದು. ನಡುಮಧ್ಯಕ್ಕೆ ಥರ್ಮಾಮೀಟರ್ ಚುಚ್ಚಿ ನೋಡಬೇಕು. ದನ ಅಥವಾ ಹಂದಿಯ ಕೈಮಕ್ಕೆ 160 ಡಿಗ್ರಿ ಫ್ಯಾರನ್‌ಹೀಟ್ ಸಾಕು, ಟರ್ಕಿ ಇರುವುದರಿಂದ 165, ಅಂದರೆ 74 ಸೆಲ್ಸಿಯಸ್. ಅರವತ್ತೆರಡನೆಯ ನಿಮಿಷಕ್ಕೆ ನನ್ನದು ಅಲ್ಲಿಗೆ ಮುಟ್ಟಿತು. ಹೊರತೆಗೆದು ಹದಿನೈದು ನಿಮಿಷ ಯಾರೂ ಮುಟ್ಟಕೂಡದು ಎಂದೆ. ಮಗಳು ತಟ್ಟೆ ಹಿಡಿದು ಗಡಿಯಾರದ ಕೆಳಗೇ ನಿಂತಿದ್ದಳು. ಬಿಸಿಬಿಸಿಯಾಗಿ ಕೊಯ್ದರೆ ಅಷ್ಟು ಜತನದಿಂದ ಒಳಗಿಟ್ಟ ರಸವೆಲ್ಲ ಹಲಗೆಯ ಪಾಲು.

ಮೊದಲ ಹೋಳು ಬೆರಳಿನಷ್ಟು ದಪ್ಪ. ಚಾಕು ಇಳಿದ ಜಾಗದಲ್ಲಿ ಹೋಳು ಒಂದು ಕ್ಷಣ ನಿಂತು, ಮೆಲ್ಲನೆ ಪಕ್ಕಕ್ಕೆ ಒರಗಿತು. ಉದುರಲಿಲ್ಲ. ಒಳಗೆ ತಿಳಿ ಕಂದು, ಅಲ್ಲಲ್ಲಿ ಈರುಳ್ಳಿಯ ಹೊಳಪು, ಅಂಚಿನಲ್ಲಿ ಬೆಲ್ಲ ಕಪ್ಪಾಗಿ ಹಿಡಿದ ಗೊಜ್ಜು. ಫೋರ್ಕಿನಿಂದ ಒತ್ತಿದೆ. ಜಿನುಗಿತು. ನನಗೆ ಕಣ್ಣು ತುಂಬಿ ಬಂತು, ಅದನ್ನು ಇಲ್ಲಿ ಬರೆಯಲು ಸಂಕೋಚವಿಲ್ಲ.

ಎರಡು ಹೋಳು, ಜೊತೆಗೆ ಹಿಸುಕಿದ ಆಲೂಗಡ್ಡೆ ತಟ್ಟೆಯಲ್ಲಿಟ್ಟು ಮುಚ್ಚಿ, ಇವರು ಹಿಮ ಸರಿಸಿ ದಾರಿ ಮಾಡಿಕೊಟ್ಟ ಮೇಲೆ ಅಜ್ಜಿಗೆ ಕೊಟ್ಟು ಬಂದೆ. ಅವರು ನಿಧಾನವಾಗಿ ತಿಂದು, ಮೆಣಸು ಹೆಚ್ಚು, ಆದರೆ ಬ್ರೆಡ್ಡು ಸರಿಯಾಗಿ ನೆನೆದಿದೆ ಎಂದರು.

ರಾತ್ರಿ ಎಂಟಕ್ಕೆ ಅವ್ವನಿಗೆ ಫೋನ್ ಮಾಡಿದೆ. ಅಲ್ಲಿ ಸೋಮವಾರದ ಬೆಳಗಿನ ಜಾವ, ಅವಳು ಆಗಲೇ ಎದ್ದು ಬಾಗಿಲಿಗೆ ನೀರು ಹಾಕಿದ್ದಳು. ಎಲ್ಲವನ್ನೂ ಕೇಳಿಸಿಕೊಂಡು, "ಹುರಿಗಡಲೆ ಇಲ್ಲದೆ ಒಡೆಯಲಿಲ್ಲವೇನವ್ವ?" ಎಂದಳು. ಇಲ್ಲ ಎಂದೆ. "ಅಷ್ಟು ದೊಡ್ಡದಕ್ಕೆ ಒಳಗೆ ಉಪ್ಪು ಹಿಡಿಯಿತೇ?" ಹಿಡಿಯಿತು ಎಂದೆ. ಮುಂದಿನ ಬೇಸಿಗೆಯಲ್ಲಿ ಇಲ್ಲಿಗೆ ಬಂದಾಗ ತಾನೇ ಕಲಸಿ ನೋಡುವುದಾಗಿ ಹೇಳಿದ್ದಾಳೆ. ನಾದುವುದನ್ನು ತಡೆಯುವುದು ಕಷ್ಟವಿದೆ.

ಐದು ಹೋಳು ಉಳಿದಿವೆ. ಆರಿಸಿ, ಕಾಗದದಲ್ಲಿ ಸುತ್ತಿ ಫ್ರಿಜ್ಜಿಗಿಟ್ಟಿದ್ದೇನೆ. ತಣ್ಣಗಾದ ಹೋಳು ಬಿಗಿಯಾಗಿ ತೆಳ್ಳಗೆ ಕತ್ತರಿಸಲು ಬರುತ್ತದೆ. ನಾಳೆ ಬೆಳಿಗ್ಗೆ ತವಕ್ಕೆ ಬೆಣ್ಣೆ ಹಾಕಿ ಎರಡೂ ಬದಿ ಗರಿಯಾಗುವವರೆಗೆ ಕಾಯಿಸಿ, ಸಾಸಿವೆ ಸವರಿದ ಬ್ರೆಡ್ಡಿನ ನಡುವೆ ಇಡುತ್ತೇನೆ. ತುದಿಯ ಹೋಳು ತನಗೇ ಬೇಕೆಂದು ಮಗಳು ಈಗಲೇ ಹೇಳಿಟ್ಟು ಮಲಗಿದ್ದಾಳೆ.